ಪಾತೆಯಾ ದಾರಿಯಲ್ಲಿ ರೇಡಿಯೊ ಜೊತೆ ಜಗಳ

ಬಲಗಡೆ ಕಾಣ್ತಿರೋದು ತಾರಾನಾಕಿ ಬೆಟ್ಟ. ಮೋಡ ಸರಿಯಿತು ಅಂತ ಕ್ಯಾಮೆರಾ ಆನ್ ಮಾಡಿದೆ. ನ್ಯೂಜಿಲೆಂಡಿನ ನ್ಯೂ ಪ್ಲಿಮತ್ ಬಿಟ್ಟು ಸ್ಟೇಟ್ ಹೈವೇ 3ರಲ್ಲಿ ದಕ್ಷಿಣಕ್ಕೆ ಹೊರಟಿದ್ದೀವಿ, ಪಾತೆಯಾ ಅನ್ನೋ ಪುಟ್ಟ ಊರಿಗೆ. ಅಲ್ಲಿ ನೋಡೋಕೆ ಏನಿದೆ ಅಂತ ನಮ್ಮನೆಯವರು ಬೆಳಗ್ಗೆಯಿಂದ ಕೇಳ್ತಾನೇ ಇದ್ದಾರೆ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆಯಲ್ಲಿ 'ಪೋಯಿ ಎ' ಅನ್ನೋ ಹಾಡೊಂದು ಇಡೀ ದೇಶವನ್ನ ಕುಣಿಸಿತಲ್ಲ, ಅದನ್ನ ಹಾಡಿದವರ ಊರು ಅದು. ನನಗೆ ಅಷ್ಟು ಸಾಕು.

ಆ ಹಾಡನ್ನ ದಾರಿಯುದ್ದಕ್ಕೂ ಕೇಳ್ಕೊಂಡು ಹೋಗಬೇಕು ಅಂತ ನನ್ನಾಸೆ. ಆದ್ರೆ ಈ ಬಾಡಿಗೆ ಕಾರಿನ ಬ್ಲೂಟೂತ್! ಫೋನಿನ ಹೆಸರು ತೋರಿಸುತ್ತೆ, ಕನೆಕ್ಟ್ ಆಯ್ತು ಅನ್ನುತ್ತೆ, ಮರುಕ್ಷಣ ಬಿಟ್ಟುಬಿಡುತ್ತೆ. ಕೇಬಲ್ ಹಾಕಿದ್ರೆ ಚಾರ್ಜ್ ಮಾತ್ರ ಆಗುತ್ತೆ. ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದ್ರೆ ಎಂಜಿನ್ ಆಫ್ ಮಾಡಿ ಆನ್ ಮಾಡಿ ಅಂದ್ರು. ಮಾಡಿದ್ವಿ. ರಸ್ತೆ ಪಕ್ಕ ನಿಲ್ಲಿಸಿ ಫೋನನ್ನ ಲಿಸ್ಟಿಂದ ತೆಗೆದು ಮತ್ತೆ ಸೇರಿಸಿದ್ವಿ. ಮಗಳ ಟ್ಯಾಬ್ ಹಾಕಿ ನೋಡಿದ್ವಿ, ಅದೂ ಆಗ್ಲಿಲ್ಲ. ದಿನದ ಬಾಡಿಗೆ ಅಷ್ಟು ತಗೊಂಡು ಒಂದು ಹಾಡು ಕೇಳೋಕೂ ಆಗ್ದಿರೋ ಕಾರು ಕೊಡೋದಾ? ಕೊನೆಗೆ ರೇಡಿಯೊ ಹಾಕಿದ್ವಿ. ಸಿಟ್ಟು ಬಂದಿದ್ದು ಅಲ್ಲೇ. ಒಂದಾದ ಮೇಲೊಂದು ಕಮರ್ಷಿಯಲ್ ಸ್ಟೇಷನ್ ತಿರುಗಿಸಿದೆ, ಎಲ್ಲದರಲ್ಲೂ ಇಂಗ್ಲಿಷ್ ಹಾಡು. ಹೊರಗೆ ರಸ್ತೆ ಬೋರ್ಡುಗಳಲ್ಲಿ ವೈತಾರಾ, ಹಾವೆರಾ, ಮಾನುತಾಹಿ. ಸಾಲಾಗಿ ಮಾವೊರಿ ಹೆಸರುಗಳು. ಒಳಗೆ ಸ್ಪೀಕರಲ್ಲಿ ಆ ಭಾಷೆಯ ಒಂದು ಸಾಲೂ ಇಲ್ಲ.

ಇದು ಇವತ್ತಿನ ಕಥೆ ಅಲ್ಲ. 1984ರಲ್ಲೂ ರೇಡಿಯೊದಲ್ಲಿ ಹೀಗೇ ಆಗಿತ್ತು. ಪಾತೆಯಾದಲ್ಲಿ ಮಾಂಸ ಶೈತ್ಯೀಕರಣದ ಕಾರ್ಖಾನೆ ಇತ್ತು, ಊರಿನ ಅನ್ನ ಅದರಲ್ಲೇ. 1982ರಲ್ಲಿ ಅದು ಮುಚ್ಚಿಹೋಯ್ತು. ಆ ಕಷ್ಟದ ಹೊತ್ತಲ್ಲಿ ಹಾಡಿಗೆ ಕೈ ಹಾಕಿದವರು ಅದೇ ಊರಿನ ಸಂಗೀತಗಾರ ಡಾಲ್ವೇನಿಯಸ್ ಪ್ರೈಮ್. ಅವರು ಪೂರ್ವ ಕರಾವಳಿಯ ತೊಕೊಮಾರು ಕೊಲ್ಲಿಗೆ ಹೋಗಿ ಙೊಯಿ ಪೇಫೈರಂಗಿ ಅನ್ನೋ ಹಿರಿಯ ಮಹಿಳೆಯನ್ನ ಕಂಡರು. ಮಕ್ಕಳಿಗೆ ತಮ್ಮ ಭಾಷೆ ಮೇಲೆ ಹೆಮ್ಮೆ ಬರೋ ಹಾಗೆ, ಅವರು ಕೇಳೋ ಜನಪ್ರಿಯ ಹಾಡುಗಳ ಧಾಟಿಯಲ್ಲೇ ಹಾಡು ಮಾಡಬೇಕು ಅನ್ನೋದು ಇಬ್ಬರ ಆಸೆ. ಆ ತಾಯಿ ಸಾಹಿತ್ಯ ಬರೆದರು, ಇವರು ರಾಗ ಹಾಕಿದರು, ಪಾತೆಯಾ ಮಾವೊರಿ ಕ್ಲಬ್ ಹಾಡಿತು. ಅದೇ 'ಪೋಯಿ ಎ'. ರೆಕಾರ್ಡ್ ಕಂಪನಿಗಳು ಬೇಡ ಅಂದವು, ಪ್ರೈಮ್ ತಾವೇ ಲೇಬಲ್ ಶುರು ಮಾಡಿದರು. ರೇಡಿಯೊದವರು ಹಾಕಿದ್ದು ಅಪರೂಪ. ಆದ್ರೂ ನಾಲ್ಕು ವಾರ ನಂಬರ್ 1! ಆ ವರ್ಷ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್! 2010ರಲ್ಲಿ ಒಂದು ಸಿನಿಮಾದಲ್ಲಿ ಬಂದ ಮೇಲೆ ಮತ್ತೆ ಚಾರ್ಟ್ ಹತ್ತಿತು.

ಅದಕ್ಕೂ ಮೊದಲೇ, 1981ರಲ್ಲಿ ಡೀನ್ ವಾರೆತಿನಿ, 1982ರಲ್ಲಿ ಪ್ರಿನ್ಸ್ ತೂಯಿ ತೇಕಾ, ಇಬ್ಬರೂ ಮಾವೊರಿಯಲ್ಲಿ ಹಾಡಿ ನಂಬರ್ 1 ಆಗಿದ್ದರು. ತೇಕಾ ಅವರ ಹಾಡಿನ ಹಿಂದೆಯೂ ಙೊಯಿ ಅವರ ಕೈ ಇತ್ತು. ಶಾಲೆಯಲ್ಲಿ ಈ ಭಾಷೆ ಆಡಿದ್ದಕ್ಕೆ ಏಟು ತಿಂದ ತಲೆಮಾರು ಆಗಿನ್ನೂ ಇತ್ತು. ಮಾವೊರಿ ಅಧಿಕೃತ ಭಾಷೆ ಆಗಿದ್ದೇ 1987ರಲ್ಲಿ. ಅಂದ್ರೆ ಕಾನೂನಿಗಿಂತ ಮೊದಲು ಜನ ದುಡ್ಡು ಕೊಟ್ಟು ರೆಕಾರ್ಡ್ ತಗೊಂಡಿದ್ದಾರೆ. ಕೇಳೋರೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ.

ಅಯ್ಯೋ, ಹಸುಗಳು ನೋಡಿ! ಎಷ್ಟೊಂದು!   ಇರಲಿ, ಹಾವೆರಾ ದಾಟಿದ್ವಿ.

ಎಲ್ಲಿದ್ದೆ? ಹಾಂ, 1999. ಇಂಗ್ಲೆಂಡಿನ ಟ್ವಿಕನಮ್ ಮೈದಾನದಲ್ಲಿ ರಗ್ಬಿ ವಿಶ್ವಕಪ್ ಪಂದ್ಯ. ಗಾಯಕಿ ಹಿನೆವೆಹಿ ಮೊಹಿ ನ್ಯೂಜಿಲೆಂಡಿನ ರಾಷ್ಟ್ರಗೀತೆಯನ್ನ ಮಾವೊರಿಯಲ್ಲಿ ಮಾತ್ರ ಹಾಡಿದರು. ಸ್ವದೇಶದಲ್ಲಿ ಎಷ್ಟೋ ಜನ ಅವರ ಮೇಲೆ ಹರಿಹಾಯ್ದರು. ಈಗ ಪಂದ್ಯಗಳಲ್ಲಿ ಮೊದಲು ಮಾವೊರಿ, ಆಮೇಲೆ ಇಂಗ್ಲಿಷ್. ಅದೇ ಹಿನೆವೆಹಿ 2019ರಲ್ಲಿ ಜನಪ್ರಿಯ ಇಂಗ್ಲಿಷ್ ಹಾಡುಗಳನ್ನ ಮೂಲ ಗಾಯಕರಿಂದಲೇ ಮಾವೊರಿಯಲ್ಲಿ ಹಾಡಿಸಿ ಆಲ್ಬಂ ತಂದರು, ಅದೂ ನಂಬರ್ 1. 2021ರಲ್ಲಿ ಲಾರ್ಡ್ ಅನ್ನೋ ನ್ಯೂಜಿಲೆಂಡಿನ ಪಾಪ್ ಗಾಯಕಿ ತಮ್ಮ ಐದು ಹಾಡುಗಳನ್ನ ಮಾವೊರಿಯಲ್ಲಿ ಹಾಡಿದರು.

ಈ ಅನುವಾದದ ಹಾಡುಗಳು ನನಗೆ ಮೊದಲು ರುಚಿಸ್ತಿರಲಿಲ್ಲ. ಹುಟ್ಟಿದ ಹಾಡು ಬೇರೆ, ಹೊಲಿಸಿಕೊಂಡ ಹಾಡು ಬೇರೆ ಅನ್ನಿಸ್ತಿತ್ತು. ಆದ್ರೆ ನಮ್ಮ ಮಗಳು ಆಕ್ಲೆಂಡಿನ ಶಾಲೆಯಲ್ಲಿ ಕಪ ಹಾಕಾ, ಅಂದ್ರೆ ಮಾವೊರಿ ಹಾಡು-ಕುಣಿತ, ಕಲೀತಾಳೆ. ಇಂಗ್ಲಿಷಲ್ಲಿ ಗೊತ್ತಿದ್ದ ಹಾಡು ಮಾವೊರಿಯಲ್ಲಿ ಬಂದಾಗ ಅವಳಿಗೂ ಅವಳ ಗೆಳತಿಯರಿಗೂ ಸಾಲುಗಳು ಬೇಗ ಬಾಯಿಗೆ ಬರ್ತವೆ. ಹಾಗಾಗಿ ಅವೂ ಬೇಕು. ಆದ್ರೂ ನನ್ನ ಓಟು ಮಾವೊರಿಯಲ್ಲೇ ಹುಟ್ಟಿದ ಹಾಡಿಗೆ. 2021ರಲ್ಲಿ ರಾಬ್ ರುಹಾ ಅವರು 'ಕಾ ಹಾವೊ' ತಂಡದ ಜೊತೆ ಹಾಡಿದ '35' ಕೇಳಿ. ಅವರ ಪೂರ್ವ ಕರಾವಳಿಯ ಹೈವೇ 35ರ ಹಾಡು, ಟಿಕ್‌ಟಾಕ್‌ನಲ್ಲಿ ಲೋಕ ಸುತ್ತಿತು. ನಮ್ಮನೆಯವರಿಗೆ ಏಲಿಯನ್ ವೆಪನ್ರಿ ಅನ್ನೋ ತಂಡ ಇಷ್ಟ. ಉತ್ತರದ ವೈಪು ಊರಿನ ಹುಡುಗರು, ತ್ರಾಶ್ ಮೆಟಲ್ ಅನ್ನೋ ಜೋರು ರಾಕ್ ಸಂಗೀತ, 1864ರಲ್ಲಿ ಮಾವೊರಿಗಳಿಗೂ ಬ್ರಿಟಿಷರಿಗೂ ನಡೆದ ಗೇಟ್ ಪಾ ಯುದ್ಧದ ಬಗ್ಗೆ ಮಾವೊರಿಯಲ್ಲಿ ಅಬ್ಬರಿಸ್ತಾರೆ. ಆ ಗದ್ದಲ ನನಗೆ ತಲೆನೋವು. ಆದ್ರೆ ಜರ್ಮನಿಯ ದೊಡ್ಡ ಮೆಟಲ್ ಉತ್ಸವದ ವೇದಿಕೆಗೆ ಈ ಭಾಷೆಯನ್ನ ತಗೊಂಡು ಹೋದವರು ಅವರೇ. ಅದನ್ನ ಮೆಚ್ಚಲೇಬೇಕು.

ಕೇಳಿ ಕೇಳಿ, ಈಗ ಸಿಕ್ತು! ಇವಿ ರೇಡಿಯೊ. ಇವಿ, ಅಂದ್ರೆ ಮಾವೊರಿ ಬುಡಕಟ್ಟು ಸಮುದಾಯಗಳೇ ನಡೆಸೋ ಸ್ಟೇಷನ್. ಇಂಥವು ದೇಶದಲ್ಲಿ ಇಪ್ಪತ್ತರ ಮೇಲಿವೆ. ಈಗ ಬರ್ತಿರೋ ಮಾತು, ಹಾಡು ಎಲ್ಲ ಮಾವೊರಿಯಲ್ಲಿ. ಇವರು ದಿನವೂ ಮಾಡೋ ಕೆಲಸವನ್ನ ದೊಡ್ಡ ಸ್ಟೇಷನ್‌ಗಳು ಸೆಪ್ಟೆಂಬರಿನ ಮಾವೊರಿ ಭಾಷಾ ವಾರದಲ್ಲಿ ಮಾತ್ರ ಯಾಕೆ ನೆನಪು ಮಾಡ್ಕೋಬೇಕು?

ಪಾತೆಯಾ ಬಂತು. ಕಮಾನಿನ ಮೇಲೆ ದೋಣಿ, ಅದರ ತುಂಬ ಜನರ ಮೂರ್ತಿಗಳು. ಅದು ಆವೊತೆಯಾ ದೋಣಿಯ ಸ್ಮಾರಕ. ಇವರ ಹಿರಿಯರು ಬಂದ ದೋಣಿ. 'ಪೋಯಿ ಎ' ವಿಡಿಯೊ ಚಿತ್ರೀಕರಣ ಈ ಊರಲ್ಲೂ ಆಗಿತ್ತು. ಗಾಳಿ ಜೋರಾಗಿದೆ, ಮೈಕ್ ಕೆಲಸ ಮಾಡಲ್ಲ, ಬೇಗ ಹೇಳಿಬಿಡ್ತೀನಿ. ಇಲ್ಲಿ ನೆಲೆಸಿರೋ ಕನ್ನಡದವರೇ, ನಿಮ್ಮ ಊರಿನ ಸ್ಟೇಷನ್‌ಗೆ ಮೆಸೇಜ್ ಹಾಕಿ ಒಂದು ಮಾವೊರಿ ಹಾಡು ಕೇಳಿ. ಸೆಪ್ಟೆಂಬರ್ ಬಿಟ್ಟು ಬೇರೆ ತಿಂಗಳಲ್ಲಿ ಕೇಳಿ. ಹಾಕಿದ್ರೋ ಇಲ್ವೋ ನನಗೆ ತಿಳಿಸಿ.