ರೂಢಿ ಯಾರದು, ಮಾತು ಯಾರದು?

ಕೇಳುಗರೇ, ನಮಸ್ಕಾರ.

ಸಂಪ್ರದಾಯ ಒಂದು ಕಡೆ, ಮಾನವ ಹಕ್ಕು ಇನ್ನೊಂದು ಕಡೆ ಎಂದು ಎದುರುಬದುರು ನಿಲ್ಲಿಸಿ ಜಗಳ ಹಚ್ಚುವುದು ಸುಲಭ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ‘ಇದು ನಮ್ಮ ಪದ್ಧತಿ’ ಎಂದು ಸಮುದಾಯದ ಪರವಾಗಿ ಹೇಳುವವರು ಯಾರು?

ದಕ್ಷಿಣ ಆಫ್ರಿಕಾವನ್ನು ನೋಡಿ. ಅಲ್ಲಿನ 1996ರ ಸಂವಿಧಾನ ಸಮುದಾಯಗಳ ರೂಢಿಯ ಕಾನೂನನ್ನು ಒಪ್ಪುತ್ತದೆ. ಆದರೆ ಆ ಕಾನೂನು ಸಂವಿಧಾನವನ್ನು ಮೀರುವಂತಿಲ್ಲ. ಕಾಗದದ ಮೇಲೆ ಸರಳ, ಅಲ್ವಾ?

ಒಂದು ಪ್ರಕರಣ ಕೇಳಿ. ತಂದೆ ತೀರಿಕೊಂಡರು, ಉಳಿದವರು ಇಬ್ಬರು ಹೆಣ್ಣುಮಕ್ಕಳು. ಆಸ್ತಿ ಗಂಡಿಗೇ ಸೇರಬೇಕು ಎಂಬ ರೂಢಿಯಂತೆ ಮನೆ ಅಜ್ಜನ ಪಾಲಾಯಿತು. ಅಂತ್ಯಕ್ರಿಯೆಯ ಖರ್ಚಿಗೆ ಅದನ್ನು ಮಾರಲು ಅವರು ಹೊರಟರು. 2004ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಯಮವನ್ನೇ ರದ್ದು ಮಾಡಿತು. ನ್ಯಾಯಮೂರ್ತಿ ಎನ್‌ಕೋಬೊ ಮಾತ್ರ ಬೇರೆ ತೀರ್ಪು ಬರೆದರು. ರೂಢಿಯನ್ನು ಕಿತ್ತು ಹಾಕುವುದು ಬೇಡ, ಹೆಣ್ಣಿಗೂ ಪಾಲು ಸಿಗುವಂತೆ ಅದನ್ನು ಬೆಳೆಸೋಣ ಎಂದರು. ನನಗೆ ಈ ವಾದ ಹಿಡಿಸುತ್ತದೆ. ಒಂದೊಂದೇ ಮೊಕದ್ದಮೆಯಲ್ಲಿ ಬೆಳೆಸುತ್ತ ಕೂತರೆ ತೀರಾ ತಡವಾಗುತ್ತದೆ ಎಂದು ಉಳಿದ ನ್ಯಾಯಮೂರ್ತಿಗಳು ಹೇಳಿದ್ದನ್ನೂ ಸುಮ್ನೆ ತಳ್ಳಿಹಾಕಲಾಗದು.

ರೂಢಿ ಬೆಳೆಯುತ್ತದೆಯೇ ಎಂದು ನೀವು ಕೇಳಬಹುದು. ಲಿಂಪೊಪೊ ಪ್ರಾಂತದ ವಲೋಯಿ ಸಮುದಾಯದಲ್ಲಿ ಬೆಳೆಯಿತು. 1968ರಲ್ಲಿ ಅವರ ಮುಖ್ಯಸ್ಥ ತೀರಿಕೊಂಡಾಗ ಗಂಡುಮಕ್ಕಳಿರಲಿಲ್ಲ. ಮಗಳು ಶಿಲುಬಾನಾ ಅವರನ್ನು ಬಿಟ್ಟು ಮುಖ್ಯಸ್ಥನ ತಮ್ಮನಿಗೆ ಪಟ್ಟ ಕಟ್ಟಿದರು. 1996ರಲ್ಲಿ ಅದೇ ಮನೆತನದ ಹಿರಿಯರು ಕೂತು, ಈಗ ಹೆಣ್ಣೂ ಗಂಡೂ ಸಮಾನ, ಮುಂದಿನ ಪಟ್ಟ ಆಕೆಗೇ ಎಂದು ತೀರ್ಮಾನಿಸಿದರು. ಆ ತಮ್ಮನ ಮಗ ಕೋರ್ಟಿಗೆ ಹೋದ. ಹಿಂದೆಂದೂ ಹೀಗಾಗಿಲ್ಲ ಎಂಬ ಆತನ ಮಾತನ್ನು ಕೆಳಗಿನ ಎರಡು ನ್ಯಾಯಾಲಯಗಳೂ ಒಪ್ಪಿದವು! ಕೊನೆಗೆ 2008ರಲ್ಲಿ ಸಂವಿಧಾನ ನ್ಯಾಯಾಲಯ ಆಕೆಯ ಪರ ತೀರ್ಪು ಕೊಟ್ಟಿತು. ತನ್ನ ರೂಢಿಯನ್ನು ಬದಲಿಸಿಕೊಳ್ಳುವ ಹಕ್ಕು ಸಮುದಾಯಕ್ಕಿದೆ ಎಂದಿತು.

ಹಳೆಯದು ಎಂದು ತೋರಿಸುವ ಎಷ್ಟೋ ನಿಯಮಗಳು ಬರಹಕ್ಕೆ ಇಳಿದದ್ದು ವಸಾಹತು ಆಡಳಿತದ ಕಾಲದಲ್ಲಿ. ಆಗ ಅಲ್ಲಿ ಬ್ರಿಟಿಷ್ ವಸಾಹತಾಗಿದ್ದ ನೇಟಾಲ್‌ನ 1891ರ ಕಾನೂನು ಸಂಹಿತೆ ಕಪ್ಪು ಹೆಂಗಸರನ್ನು ಜೀವನಪೂರ್ತಿ ಅಪ್ರಾಪ್ತರ ಸ್ಥಾನದಲ್ಲೇ ಇಟ್ಟಿತ್ತು. ಅದನ್ನು ಬರೆಯುವಾಗ ಆ ಹೆಂಗಸರನ್ನು ಕೇಳಿದವರು ಯಾರು?

ಹಾಗೆಂದು ಎಲ್ಲವನ್ನೂ ಸಮುದಾಯಕ್ಕೇ ಬಿಡಿ ಎನ್ನಲು ನಾನು ತಯಾರಿಲ್ಲ. ವಲೋಯಿ ಹಿರಿಯರು ‘ಬೇಡ’ ಎಂದಿದ್ದರೆ ಶಿಲುಬಾನಾ ಅವರಿಗೆ ಕೋರ್ಟು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮೂಲನಿವಾಸಿಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2007ರಲ್ಲಿ ಹೊರಡಿಸಿದ ಘೋಷಣೆಯ 34ನೇ ವಿಧಿಯೂ ಎರಡನ್ನೂ ಒಟ್ಟಿಗೇ ಹೇಳುತ್ತದೆ: ತಮ್ಮ ಪದ್ಧತಿಗಳನ್ನು ಉಳಿಸಿಕೊಳ್ಳುವ, ಬೆಳೆಸುವ ಹಕ್ಕು ಅವರಿಗಿದೆ, ಆದರೆ ಅದು ಮಾನವ ಹಕ್ಕುಗಳ ಅಂತರರಾಷ್ಟ್ರೀಯ ಮಾನದಂಡಗಳಿಗೆ ಒಪ್ಪುವಂತಿರಬೇಕು.

ನಮಸ್ಕಾರ.