ಪ್ರಾಗ್‌ನಲ್ಲೊಂದು ಪಂಚಾಂಗ

ಕೇಳುಗರೇ, ನಮಸ್ಕಾರ.

ಮೇ ತಿಂಗಳ ಮೊದಲ ವಾರ ನಾವು ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಮಗಳು, ಜೊತೆಗೆ ಅತ್ತೆ. ತಂಗಿ ವಿಯೆನ್ನಾದಲ್ಲಿದ್ದಾಳೆ. ಅಲ್ಲಿಂದ ರೈಲಿನಲ್ಲಿ ನಾಲ್ಕು ಗಂಟೆ ದಾರಿ. ಇದ್ದದ್ದು ಎರಡೇ ದಿನ.

ಹಳೇ ಪೇಟೆಯ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ. ಅತ್ತೆಗೆ ಮಂಡಿನೋವು, ಜಾಸ್ತಿ ನಡೆಯಲಾಗಲಿಲ್ಲ. ಹಾಗಾಗಿ ಚೌಕದ ದೊಡ್ಡ ಗಡಿಯಾರದ ಎದುರೇ ಕೂತೆವು.

ಅದು 1410ರ ಗಡಿಯಾರ. ಗಂಟೆಗೊಮ್ಮೆ ಎಲುಬಿನ ಗೂಡಿನ ಗೊಂಬೆಯೊಂದು ಹಗ್ಗ ಜಗ್ಗುತ್ತದೆ. ಮೇಲೆ ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ಕೊನೆಗೆ ಹುಂಜ ಕೂಗುತ್ತದೆ. 1945ರ ಮೇ ತಿಂಗಳಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಈ ಮರದ ಗೊಂಬೆಗಳೆಲ್ಲ ಬೆಂಕಿಗೆ ಸುಟ್ಟುಹೋಗಿದ್ದವು. ಊರಿನವರು ಹೊಸದಾಗಿ ಕೆತ್ತಿಸಿ, 1948ರಲ್ಲಿ ಗಡಿಯಾರವನ್ನು ಮತ್ತೆ ನಡೆಸಿದರು.

ಹುಂಜ ಕೂಗಿದ ಕೂಡಲೇ ಜನ ಚದುರಿದರು. ಅತ್ತೆ ಮಾತ್ರ ಕೆಳಗಿನ ತಟ್ಟೆಯನ್ನೇ ನೋಡುತ್ತಿದ್ದರು. "ಅಲ್ನೋಡಮ್ಮ, ಏಡಿ, ತಕ್ಕಡಿ, ಮೀನು. ರಾಶಿಗಳಲ್ವಾ?"

ಹೌದು, ರಾಶಿಗಳೇ. ಮೇಲಿನ ಮುಖದಲ್ಲೂ ರಾಶಿಯ ಬಳೆ ಇದೆ. ಅದರ ಮೇಲೆ ಚಿನ್ನದ ಸೂರ್ಯ ಇದ್ದಾನೆ. ಅರ್ಧ ಕಪ್ಪು, ಅರ್ಧ ಬೆಳ್ಳಿಯ ಗುಂಡೊಂದು ಚಂದ್ರ. ಅದು ತಿರುಗುತ್ತಾ ಶುಕ್ಲಪಕ್ಷ, ಕೃಷ್ಣಪಕ್ಷ ತೋರಿಸುತ್ತದೆ.

"ರವಿ ಯಾವ ರಾಶೀಲಿದಾನೋ?" ಮಗನನ್ನು ಕೇಳಿದರು. ಅವರು ಗುರುತು ನೋಡಿ ವೃಷಭ ಎಂದರು.

"ನಮ್ಮ ಪಂಚಾಂಗದಲ್ಲಿ ಇನ್ನೂ ಮೇಷ ಕಣೋ!"

ಇಬ್ಬರದೂ ಸರಿ. ಆ ಗಡಿಯಾರ ಮೇಷವನ್ನು ಮಾರ್ಚ್‌ನಲ್ಲಿ ಹಗಲು-ರಾತ್ರಿ ಸಮನಾಗುವ ದಿನದಿಂದ ಎಣಿಸುತ್ತದೆ. ನಾವು ನಕ್ಷತ್ರಗಳನ್ನು ಹಿಡಿದು ಎಣಿಸುತ್ತೇವೆ. ಭೂಮಿಯ ಅಕ್ಷ ನಿಧಾನಕ್ಕೆ ವಾಲುತ್ತಾ ಸುತ್ತುವುದರಿಂದ ಈ ಎರಡು ಲೆಕ್ಕಕ್ಕೂ ಈಗ ಸುಮಾರು 24 ಡಿಗ್ರಿ ಅಂತರ ಬಿದ್ದಿದೆ. ಡಿಸೆಂಬರ್‌ನಲ್ಲೇ ಸೂರ್ಯ ಉತ್ತರಕ್ಕೆ ತಿರುಗಿದರೂ ನಾವು ಎಳ್ಳು ಬೀರುವುದು ಜನವರಿಯಲ್ಲಿ, ಅಲ್ವಾ? ಅದಕ್ಕೂ ಇದೇ ಕಾರಣ. ಅತ್ತೆ ಇದನ್ನು ಮೊಮ್ಮಗಳಿಗೆ ಬಾಟಲಿ ಮುಚ್ಚಳ ತಿರುಗಿಸಿ, ಬುಗುರಿಯ ಹಾಗೆ, ತೋರಿಸಿಕೊಟ್ಟರು. ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ!

ಹೊರಗಿನ ಸುತ್ತಿನಲ್ಲಿ ಹಳೆಯ ಜೆಕ್ ಗಂಟೆಗಳಿವೆ. ಅವರ ದಿನ ಸೂರ್ಯ ಮುಳುಗಿದಾಗ ಮುಗಿಯುತ್ತಿತ್ತು. ಆಗ 24 ಗಂಟೆ. ಹೊತ್ತು ಮುಳುಗುವ ಹೊತ್ತು ದಿನದಿನಕ್ಕೂ ಬದಲಾಗುವುದರಿಂದ ಆ ಸುತ್ತೂ ಜರುಗುತ್ತಲೇ ಇರುತ್ತದೆ.

ಎರಡನೇ ದಿನ ಸಂಜೆ ಮತ್ತೆ ಅಲ್ಲೇ ಹೋಗಿ ಕೂತೆವು. ಎಂಟೂವರೆ ಹತ್ತಿರ ಚಿನ್ನದ ಕೈ 24ಕ್ಕೆ ಬಂತು. ದೀಪ ಹಚ್ಚುವ ಹೊತ್ತು. ಅತ್ತೆ ಕೂತಲ್ಲೇ ಕೈ ಮುಗಿದರು. ಪಕ್ಕದಲ್ಲಿ ಮಗಳೂ ಮುಗಿದಳು.