ಹಳೇ ಜಿಎಂಸಿ ಮೋಟಾರ್‌ಹೋಮ್‌ನಲ್ಲಿ ಏನು ಉಳಿಸಬೇಕು, ಏನು ಬದಲಿಸಬೇಕು

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಗಾಡಿಯ ಬಗ್ಗೆ, ಒಳಗೇ ಮಲಗಿ ಅಡುಗೆ ಮಾಡಿಕೊಂಡು ಊರೂರು ತಿರುಗುವ ಮನೆಯಂಥ ಗಾಡಿಯ ಬಗ್ಗೆ ಮಾತಾಡುತ್ತೇನೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1973ರಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟಾರ್‌ಹೋಮ್ ಅದು. 23 ಅಡಿ, 26 ಅಡಿ, ಎರಡೇ ಅಳತೆ. ಹೆಚ್ಚುಕಮ್ಮಿ 13 ಸಾವಿರ ಗಾಡಿ ಹೊರಬಂದವು, ಆಮೇಲೆ ಕಂಪನಿ ಕೈಬಿಟ್ಟಿತು. ಅವುಗಳಲ್ಲಿ ಸಾಕಷ್ಟು ಇವತ್ತಿಗೂ ಓಡುತ್ತಿವೆ. ಬಾಡಿ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸಿನದು, ತುಕ್ಕಿನ ಮಾತೇ ಇಲ್ಲ. ಆದರೆ ಕೆಳಗಿನ ಚಾಸಿ ಉಕ್ಕಿನದು. ಕೊಳ್ಳುವವರು ಮೇಲಿನ ಹೊಳಪಿಗೆ ಮರುಳಾಗದೆ, ಟಾರ್ಚ್ ಹಿಡಿದು ಕೆಳಗೆ ನುಸುಳಿ ನೋಡಬೇಕು.

ಈ ಗಾಡಿಯ ವಿಶೇಷ ಅದರ ತಗ್ಗಾದ ನೆಲ. ಬೆಂಗಳೂರಿನ ವೋಲ್ವೋ ಸಿಟಿ ಬಸ್ಸಿನಲ್ಲಿ ಇಂಜಿನ್ನನ್ನು ಹಿಂದಕ್ಕೆ ಒಯ್ದು ನೆಲ ತಗ್ಗಿಸಿದರಲ್ಲ, ಇಲ್ಲಿ ಎಲ್ಲವನ್ನೂ ಮುಂದಕ್ಕೆ ತಂದರು. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ ದೊಡ್ಡ ವಿ8 ಇಂಜಿನ್, ಪಕ್ಕದಲ್ಲೇ ಗೇರ್‌ಬಾಕ್ಸ್, ಎರಡರ ನಡುವೆ ಅಗಲವಾದ ಉಕ್ಕಿನ ಚೈನು. ಮುಂದಿನ ಚಕ್ರಗಳೇ ಎಳೆಯುತ್ತವೆ. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಹಿಂದೆ ಅಡ್ಡ ಆಕ್ಸಲ್ಲೂ ಇಲ್ಲ. ಒಂದೊಂದು ಬದಿಗೆ ಎರಡೆರಡು ಚಕ್ರ ಒಂದರ ಹಿಂದೊಂದು ನಿಂತಿವೆ. ಅವುಗಳ ನಡುವೆ ಮಲಗಿಸಿದ, ಸ್ಪ್ರಿಂಗಿನ ಕೆಲಸ ಮಾಡುವ ಗಾಳಿಚೀಲ, ಅಂದರೆ ಏರ್‌ಬ್ಯಾಗು ಭಾರ ಹೊರುತ್ತದೆ. ಅಷ್ಟು ಹಿಂದೆಯೇ ಹೀಗೆ ಯೋಚಿಸಿದ ಇಂಜಿನಿಯರ್‌ಗಳ ಬಗ್ಗೆ ನನಗೆ ಅಪಾರ ಗೌರವ.

ಹಾಗಾಗಿ ನನ್ನ ವಾದ ಇಷ್ಟೇ. ಈ ಲೆಕ್ಕಾಚಾರವನ್ನು ಕೆಡಿಸುವ ಯಾವ ಸುಧಾರಣೆಯೂ ಬೇಡ. ಆದರೆ ಆ ಇಂಜಿನಿಯರ್‌ಗಳ ಕೈಗೆ ಅವತ್ತು ಸಿಗದೇ ಇದ್ದ ಒಳ್ಳೆಯ ಭಾಗಗಳನ್ನು ಧಾರಾಳವಾಗಿ ಹಾಕಿ. ಮೊದಲು ಬ್ರೇಕ್ ಒತ್ತಿದರೆ ಗಾಡಿ ನಿಲ್ಲಬೇಕು, ಬೆಂಕಿ ಹತ್ತದಂತಿರಬೇಕು. ಓಟ ಆಮೇಲೆ. ಸೋಫಾ, ಪರದೆ ಕೊನೆಗೆ. ತುಂಬಾ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಹೊಸ ಅಡುಗೆಮನೆ ಫಳಫಳ ಅನ್ನುತ್ತಿರುತ್ತದೆ, ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಪೈಪು, ಅಂದರೆ ಬ್ರೇಕ್ ಹೋಸು ಮಾತ್ರ 1976ರದ್ದು.

ಆ ಹೋಸಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಬ್ಬರ್ ಹೋಸು ಹಳೆಯದಾದರೆ ಹೊರಗಿನಿಂದ ಬಿರುಕು ಬಿಡಬೇಕು ಅಂತೇನಿಲ್ಲ. ಒಳಗೇ ಉಬ್ಬಿಕೊಂಡು ದಾರಿ ಕಿರಿದಾಗುತ್ತದೆ. ಪೆಡಲ್ ಒತ್ತಿದಾಗ ಅಷ್ಟು ಒತ್ತಡಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ. ಕಾಲು ತೆಗೆದಾಗ ಬೇಗ ವಾಪಸ್ ಬರೋದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಚಕ್ರ ಬಿಸಿಯಾಗುತ್ತದೆ. ನೋಡುವವರಿಗೆ ಹೋಸು ಚೆನ್ನಾಗೇ ಕಾಣುತ್ತದೆ! ಅದಕ್ಕೇ ಪರೀಕ್ಷೆ ಗಿರೀಕ್ಷೆ ಅಂತ ಕೂರದೆ ಎಲ್ಲ ಹೋಸನ್ನೂ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದನ್ನೂ ಪೂರ್ತಿ ತೆಗೆದು ಹೊಸದು ತುಂಬಿ.

ಈ ಗಾಡಿಗೆ ಮುಂದೆ ಡಿಸ್ಕ್, ಹಿಂದಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್ ಬಂದಿದ್ದವು. ಸಾಮಾನು ತುಂಬಿದರೆ ಐದು ಟನ್ನಿನ ಆಸುಪಾಸು ತೂಗುತ್ತದೆ, ಘಟ್ಟ ಇಳಿಯುವಾಗ ಡ್ರಮ್ಮು ಬೇಗ ಬಿಸಿಯಾಗುತ್ತದೆ. ಹಿಂದೆಯೂ ಡಿಸ್ಕ್ ಹಾಕುವುದು ಒಳ್ಳೆಯದೇ. ಆದರೆ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೆ ಆಯಿಲ್ ಜಾಸ್ತಿ ಬೇಕು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಹಳೇ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲ್ ಕೆಳಗೆ ಹೋಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಟೈರಿನದು ಇನ್ನೊಂದು ಕಥೆ. ಮೂಲ ಚಕ್ರ ಹದಿನಾರೂವರೆ ಇಂಚಿನದು. ಆ ಅಳತೆಗೆ ಒಳ್ಳೆಯ ಟೈರ್ ಸಿಗುವುದು ಕಷ್ಟ, ಅದಕ್ಕೇ ಹೆಚ್ಚಿನವರು 16 ಇಂಚಿನ ಚಕ್ರಕ್ಕೆ ಬದಲಾಗಿದ್ದಾರೆ. ಹಳೇ ಗಾಡಿ ನೋಡಲು ಹೋದಾಗ ಟೈರಿನ ಬದಿಯಲ್ಲಿ DOT ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲನ್ನು ಹುಡುಕಿ. ಕೊನೆಯ ನಾಲ್ಕು ಅಂಕಿ 2314 ಅಂತ ಇದ್ದರೆ, 2014ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಗಾಡಿ ನಿಂತೇ ಇದ್ದರೆ ಟೈರಿನ ಹಲ್ಲು ಸವೆಯೋದಿಲ್ಲ, ರಬ್ಬರಿಗೆ ವಯಸ್ಸು ಮಾತ್ರ ಆಗೇ ಆಗುತ್ತದೆ. ಹತ್ತು ವರ್ಷ ದಾಟಿದ್ದು ಬೇಡವೇ ಬೇಡ.

ಇನ್ನು ಪೆಟ್ರೋಲು. ಇಂಜಿನ್ ಇರುವುದು ಕ್ಯಾಬಿನ್ನಿನ ನೆಲದ ಮುಚ್ಚಳದ ಕೆಳಗೆ, ಅಂದರೆ ನೀವು ಕೂರುವ ಜಾಗದ ಪಕ್ಕದಲ್ಲೇ. ಅಲ್ಲಿ ಪೆಟ್ರೋಲ್ ಸೋರಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥನಾಲ್ ಇರುತ್ತದೆ. 70ರ ದಶಕದ ರಬ್ಬರ್ ಪೈಪು ಅದಕ್ಕೆ ತಾಳುವುದಿಲ್ಲ. ನಮ್ಮಲ್ಲೂ ಶೇ 20 ಎಥನಾಲ್ ಬಂದ ಮೇಲೆ ಹಳೇ ಗಾಡಿ ಇಟ್ಟುಕೊಂಡವರಿಗೆ ಇದೇ ಚಿಂತೆ.

ಇನ್ನೊಂದು ತೊಂದರೆ ವೇಪರ್ ಲಾಕ್. ಮೂಲ ಪಂಪು ಇಂಜಿನ್ನಿಗೇ ಅಂಟಿಕೊಂಡಿದೆ, ಹಿಂದಿರುವ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಬೇಕು. ಹೀರಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಬೇಸಿಗೆಯಲ್ಲಿ ಏರು ಹತ್ತುವಾಗ ಪೈಪಿನಲ್ಲಿ ಆವಿ ತುಂಬಿ ಗಾಡಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಕೂರಿಸಿ ಹಿಂದಿನಿಂದ ತಳ್ಳಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಪಂಪ್ ಹೇಗೂ ಬದಲಿಸುತ್ತೀರಿ, ಕಾರ್ಬುರೇಟರ್ ತೆಗೆದು ಫ್ಯೂಯಲ್ ಇಂಜೆಕ್ಷನ್ನನ್ನೇ ಹಾಕಿ ಅನ್ನುವುದು ನನ್ನ ಸಲಹೆ. ಬೆಳಗಿನ ಚಳಿಗೂ ಬೆಟ್ಟದ ತೆಳು ಗಾಳಿಗೂ ಅದು ತಾನೇ ಹೊಂದಿಕೊಳ್ಳುತ್ತದೆ. ಆದರೆ ಅದರ ಒತ್ತಡ ಕಾರ್ಬುರೇಟರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಪೈಪು ಮತ್ತು ಕ್ಲಾಂಪು ಆ ಒತ್ತಡಕ್ಕೇ ಮಾಡಿದ್ದಿರಬೇಕು. ಅಪಘಾತವಾಗಿ ಇಂಜಿನ್ ನಿಂತರೆ ಪಂಪೂ ನಿಲ್ಲುವಂಥ ವ್ಯವಸ್ಥೆ ಇರಲೇಬೇಕು. ಇಂಜಿನ್ನನ್ನೇ ಕಿತ್ತು ಬೇರೆ ಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. 1973ರ 455 ಘನ ಇಂಚಿನ ಇಂಜಿನ್ ಕೊಡುವ 265 ಅಶ್ವಶಕ್ತಿ ಈ ಗಾಡಿಗೆ ಸಾಕು. ಏರಿನಲ್ಲಿ ಏದುಸಿರು ಬಿಡುತ್ತದೆ ಅಂತಾದರೆ ಚಕ್ರಕ್ಕೆ ಶಕ್ತಿ ಕೊಡುವ ಕೊನೆಯ ಗೇರ್ ಜೋಡಿ, ಅಂದರೆ 3.07 ಅನುಪಾತದ ಫೈನಲ್ ಡ್ರೈವ್ ತೆಗೆದು 3.42 ಅಥವಾ 3.70 ಹಾಕಿ. ಅದೇ ಇಂಜಿನ್ ಹಗುರವಾಗಿ ಎಳೆಯುತ್ತದೆ.

ಏರ್‌ಬ್ಯಾಗಿನ ಬಗ್ಗೆ ಒಂದೇ ಎಚ್ಚರಿಕೆ. ಬರೀ ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಬ್ಯಾಗು ಒಡೆದರೆ ಗಾಡಿ ಕೂತೇ ಬಿಡುತ್ತದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಲಸ.

ಮನೆಯ ಭಾಗದಲ್ಲಿ ಈಗ ಲಿಥಿಯಂ ಬ್ಯಾಟರಿ, ಸೂರಿನ ಮೇಲೆ ಸೋಲಾರ್, 12 ವೋಲ್ಟಿನ ಫ್ರಿಜ್ಜು ಎಲ್ಲ ಸುಲಭವಾಗಿ ಸಿಗುತ್ತವೆ. ಆದರೆ ಲಿಥಿಯಂ ಬ್ಯಾಟರಿಯನ್ನು ಸುಮ್ನೆ ಇಂಜಿನ್ನಿನ ಜೊತೆ ತಿರುಗಿ ಕರೆಂಟ್ ಕೊಡುವ ಹಳೇ ಆಲ್ಟರ್ನೇಟರಿಗೆ ಜೋಡಿಸಬೇಡಿ. ಬ್ಯಾಟರಿ ಸಿಕ್ಕಷ್ಟು ಕರೆಂಟನ್ನೂ ಎಳೆದುಕೊಂಡು ಆಲ್ಟರ್ನೇಟರನ್ನು ಸುಟ್ಟು ಹಾಕಬಹುದು. ನಡುವೆ ಆ ಎಳೆತಕ್ಕೆ ಮಿತಿ ಹಾಕುವ ಡಿಸಿ ಟು ಡಿಸಿ ಚಾರ್ಜರ್ ಇರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಗಳನ್ನು ಚಾರ್ಜ್ ಮಾಡಬಾರದು. ಅಮೆರಿಕದ ಮಿಷಿಗನ್ನಿನಂಥ ಚಳಿಯ ಕಡೆ ಇರುವವರು ಬ್ಯಾಟರಿಯನ್ನು ಗಾಡಿಯ ಒಳಗೇ ಬೆಚ್ಚಗಿಡಬೇಕು.

ಎಲ್ಲ ಮುಗಿದ ಮೇಲೆ ನೇರ ದೂರದ ಊರಿಗೆ ಹೊರಡಬೇಡಿ. ಮನೆಯ ಹತ್ತಿರವೇ 20 ಕಿಲೋಮೀಟರ್ ಓಡಿಸಿ, ನಿಲ್ಲಿಸಿ. ಆರೂ ಚಕ್ರದ ನಡುಭಾಗದ, ಅಂದರೆ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ಅಥವಾ ಬ್ರೇಕ್ ಅಂತ ತಿಳಿಯಿರಿ. ಮುಂದಿನ ಬೇರಿಂಗುಗಳು ಈ ಗಾಡಿಯಲ್ಲಿ ಎಳೆತ, ತಿರುವು, ಭಾರ ಮೂರನ್ನೂ ತಾಳಬೇಕು, ಅವುಗಳ ಮೇಲೆ ಕಣ್ಣಿರಲಿ. ಆಮೇಲೆ ಇಂಜಿನ್ ಮುಚ್ಚಳ ತೆಗೆದು ಪ್ರತಿ ಪೆಟ್ರೋಲ್ ಕ್ಲಾಂಪನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಒದ್ದೆಯಾದರೆ ಅವತ್ತಿನ ಓಡಾಟ ಅಲ್ಲಿಗೇ ನಿಲ್ಲಲಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.